ಅರ್ಧ ಮಫ್ಲರಿನ ಮಳೆಗಾಲ

ಮೊನ್ನೆ ಚಳಿ ಶುರುವಾಯಿತೆಂದು ಸಜ್ಜೆಯ ಮೇಲಿದ್ದ ರಗ್ಗುಗಳನ್ನು ಇಳಿಸುತ್ತಿದ್ದೆ. ಅವುಗಳ ನಡುವಿನಿಂದ ಒಂದು ಪ್ಲಾಸ್ಟಿಕ್ ಕವರ್ ಜಾರಿ ನನ್ನ ತಲೆಯ ಮೇಲೆ ಬಿತ್ತು. ಒಳಗೇನಿದೆ ಎಂದು ಬಿಚ್ಚಿ ನೋಡಬೇಕಾಗಲಿಲ್ಲ, ವಾಸನೆಯೇ ಹೇಳಿಬಿಟ್ಟಿತು. ನುಸಿಗುಳಿಗೆಯ ವಾಸನೆ ಎಲ್ಲರ ಮನೆಯ ಉಲ್ಲನ್ನಿಗೂ ಇರುತ್ತದೆ. ಅದರ ಜೊತೆಗೆ ಮೆಷಿನ್ ಎಣ್ಣೆಯ ವಾಸನೆಯೂ ಬರುವುದು ಇಡೀ ಮೂಡಲಪಾಳ್ಯದಲ್ಲಿ ನಮ್ಮ ಮನೆಯದಕ್ಕೆ ಮಾತ್ರ ಇರಬೇಕು.

ಬೂದು ಬಣ್ಣದ ಪಟ್ಟಿ. ಹನ್ನೆರಡು ಸೆಂಟಿಮೀಟರ್ ಅಗಲ, ಒಂದು ಮೊಳಕ್ಕಿಂತ ತುಸು ಹೆಚ್ಚು ಉದ್ದ. ಮಫ್ಲರ್ ಆಗಬೇಕಿತ್ತು, ಅರ್ಧಕ್ಕೇ ನಿಂತಿತು. ಹೆಣೆಯುವ ಎರಡು ಕಡ್ಡಿಗಳೂ ಇನ್ನೂ ಅದರಲ್ಲೇ ಸಿಕ್ಕಿಕೊಂಡಿವೆ, ಬಲಗಡ್ಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಹಜಾರದಲ್ಲಿ ಕೂತಿದ್ದ ನಮ್ಮ ಯಜಮಾನರು "ಏನ್ ಬಿತ್ತು?" ಎಂದು ಕೇಳಿದರು. "ಏನಿಲ್ಲ, ಹಳೇ ಬಟ್ಟೆ" ಎಂದೆ. ಮೂರು ವರ್ಷವಾದರೂ ಆ ಪಟ್ಟಿಯ ವಿಷಯದಲ್ಲಿ ನನ್ನ ಬಾಯಿಗೆ ಮೊದಲು ಬರುವುದು ಸುಳ್ಳೇ.

ಇವರು ಟರ್ನರ್. ಕೆಂಪರಾಜು ಅಂದರೆ ಕಾಮಾಕ್ಷಿಪಾಳ್ಯದ ಆ ಓಣಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಲೇತ್ ಕೆಂಪಣ್ಣ ಅನ್ನಬೇಕು. ಪುಟ್ಟಸ್ವಾಮಿಯ ಜೊತೆ ಪಾಲುದಾರಿಕೆಯಲ್ಲಿ ಒಂದು ತಗಡಿನ ಶೆಡ್ಡು, ಅದರಲ್ಲಿ ಮೂರು ಲೇತ್. ಬಾಗಿಲ ಪಕ್ಕದ ಮೊದಲನೆಯ ಲೇತ್ ಇಪ್ಪತ್ತಾರು ವರ್ಷ ಇವರದೇ. ತಿರುಗುವ ಕಬ್ಬಿಣದ ಮುಂದೆ ನಿಂತು ಕೂದಲೆಳೆಯಷ್ಟು ಕೆರೆಯುವುದು, ನಿಲ್ಲಿಸಿ ಅಳೆಯುವುದು, ಮತ್ತೆ ಕೆರೆಯುವುದು. ಅಳೆಯುವ ಉಕ್ಕಿನ ಸಾಧನಕ್ಕೆ ವರ್ನಿಯರ್ ಅನ್ನುತ್ತಾರೆ. ಮನೆಯಲ್ಲಿ ದೇವರ ಪಟಕ್ಕೆ ಹೂವಿಲ್ಲದಿದ್ದರೂ ನಡೆಯುತ್ತಿತ್ತು, ವರ್ನಿಯರಿಗೆ ಎಣ್ಣೆ ಸವರದೆ ಇವರು ಊಟಕ್ಕೆ ಕೂತವರಲ್ಲ. "ಬಾಯಿ ಸುಳ್ಳು ಹೇಳುತ್ತೆ, ವರ್ನಿಯರ್ ಹೇಳಲ್ಲ" ಎನ್ನುವುದು ಇವರ ಗಾದೆ. ಮದುವೆಯಾದ ಹೊಸದರಲ್ಲಿ ನನಗೆ ಬಳೆ ತರಲು ಹೋಗಿ, ಹಳೆಯ ಬಳೆಯನ್ನು ಅದರಲ್ಲಿ ಅಳೆದು, ಅಂಗಡಿಯವನಿಗೆ "ಅರವತ್ಮೂರು ಪಾಯಿಂಟ್ ಐದು ಕೊಡಿ" ಎಂದಿದ್ದರಂತೆ. ಅವನು ಅದನ್ನು ಬೆಲೆ ಅಂದುಕೊಂಡು ಚೌಕಾಸಿಗೆ ಇಳಿದಿದ್ದ.

ನನ್ನ ಕಸುಬೂ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಹದಿನಾಲ್ಕು ವರ್ಷ ಆಲ್ಟ್ರೇಷನ್ ಟೇಬಲ್ಲಿನಲ್ಲಿ ಕೂತವಳು ನಾನು. ಬೇರೆಯವರು ಹೊಲಿದು ಕೆಡಿಸಿದ ಅಂಗಿ ನನ್ನ ಹತ್ತಿರ ಬರುತ್ತಿತ್ತು. ತಪ್ಪು ಹೊಲಿಗೆ ಬಿಚ್ಚಿ, ಅದೇ ತೂತಿಗೆ ಅದೇ ಬಣ್ಣದ ದಾರ ಹಾಕಿ ಮತ್ತೆ ಹೊಲಿದು, ಚೆಕಿಂಗಿನವರು ಬೆಳಕಿಗೆ ಹಿಡಿದು ನೋಡಿದರೂ ಗೊತ್ತಾಗದ ಹಾಗೆ ದಾಟಿಸುವುದು. ಅದರಲ್ಲಿ ನನ್ನಷ್ಟು ಕೈಚಳಕ ಇದ್ದವರು ಆ ಫ್ಲೋರಿನಲ್ಲಿ ಇರಲಿಲ್ಲ ಎಂದು ಹೇಳಿಕೊಳ್ಳಲು ಆಗೆಲ್ಲ ನನಗೆ ಹೆಮ್ಮೆ. ಸೊಂಟ ನೋವು ಬಂದ ಮೇಲೆ ಬಿಟ್ಟೆ.

ಆ ವರ್ಷ ಯುಗಾದಿಯಾಗಿ ವಾರ ಕಳೆದಿತ್ತು. ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದಾಗ ಇವರ ಕೈಯಿಂದ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಸ್ಟ್ರೋಕ್. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಬಂದಿತ್ತು, ಕಾಲೂ ಎಳೆದುಕೊಂಡು ನಡೆಯುವಷ್ಟು ಬಂತು. ಬಲಗೈ ಮಾತ್ರ ಬರಲಿಲ್ಲ. ಬೆರಳು ಮಡಚುತ್ತಿದ್ದರು, ಆದರೆ ಹಿಡಿತವಿಲ್ಲ. ಚಮಚ ಹಿಡಿದರೆ ಬಾಯಿಯವರೆಗೆ ಹೋಗುವಷ್ಟರಲ್ಲಿ ಎಲ್ಲೋ ಬೀಳುತ್ತಿತ್ತು.

ಪುಟ್ಟಸ್ವಾಮಿ ನೋಡಲು ಬಂದಾಗ ಮಂಚದ ಪಕ್ಕ ಕೂತು ಮಾತು ಕೊಟ್ಟ. "ಅಣ್ಣ, ನಿಮ್ ಲೇತ್ ಹತ್ರ ಯಾರನ್ನೂ ನಿಲ್ಸಲ್ಲ. ವಿಜಯದಶಮಿ ದಿನ ಎಂದಿನ ಹಾಗೆ ನೀವೇ ಬಂದು ಮೊದಲ್ನೇ ಜಾಬ್ ತಿರುಗಿಸ್ಬೇಕು. ಅಲ್ಲಿವರ್ಗೂ ಮುಚ್ಚಿಟ್ಟಿರ್ತೀನಿ." ನಮ್ಮ ಶೆಡ್ಡಿನ ಪದ್ಧತಿ ಅದು. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ ಸುಮ್ಮನೆ ಬಿಡುವುದು, ಮರುದಿನ ಬೆಳಿಗ್ಗೆ ಮೊದಲ ಲೇತಿನಲ್ಲಿ ಒಂದು ಹಿತ್ತಾಳೆ ತುಂಡನ್ನು ಅಳತೆಗೆ ಸರಿಯಾಗಿ ಕಡೆದು ದೇವರ ಮುಂದೆ ಇಡುವುದು. ಆಮೇಲೇ ವರ್ಷದ ಕೆಲಸ ಶುರು. ಗೇಟಿನ ಹತ್ತಿರ ಹೋದ ಮೇಲೆ ಅವನು ನನಗೆ ಬೇರೆ ಹೇಳಿದ: "ಅತ್ತಿಗೆ, ದಸರಾ ಆಚೆಗೆ ನನ್ ಕೈಲೂ ಆಗಲ್ಲ. ಆರ್ಡರ್ ವಾಪಸ್ ಹೋಗ್ತಾ ಇದಾವೆ. ಒಬ್ಬ ಹುಡುಕಿಟ್ಟಿದೀನಿ." ಅವನದು ತಪ್ಪಲ್ಲ, ಅವನೂ ಸಂಸಾರಸ್ಥ.

ವಿಜಯನಗರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ವಾರಕ್ಕೆ ಮೂರು ದಿನ ಬರಲು ಹೇಳಿದಳು. "ಮೊದಲ ಆರು ತಿಂಗಳು ತುಂಬಾ ಮುಖ್ಯ ಆಂಟಿ. ಮನೇಲೂ ಎರಡೂ ಕೈ ಬಳಸೋ ಕೆಲಸ ಏನಾದ್ರೂ ಮಾಡ್ಸಿ. ನಿಟಿಂಗ್ ಆದ್ರೂ ಸರಿ." ಇವರು ಆಟೋದಲ್ಲಿ ಬರುವಾಗ ಗುರುಗುಟ್ಟಿದರು: "ಲೇತ್ ಓಡ್ಸೋನಿಗೆ ಸ್ವೆಟರ್ ಹಾಕು ಅಂತಾಳಲ್ಲ!" ಆದರೂ ಮರುದಿನ ಅವರೇ ಕೇಳಿದರು, "ಮೇಲ್ಗಡೆ ಶಾಂತಕ್ಕ ಅದೇನೋ ಹೆಣೀತಿರ್ತಾರಲ್ಲ, ಕಷ್ಟನಾ?"

ಮಹಡಿ ಮನೆಯ ಶಾಂತಕ್ಕ ಹಾವೇರಿ ಕಡೆಯವರು, ನಮ್ಮ ಬೀದಿಯ ಅರ್ಧ ಮಕ್ಕಳ ತಲೆಯ ಮೇಲೆ ಅವರ ಟೋಪಿಯೇ. ಬೆಳಿಗ್ಗೆ ಹತ್ತಕ್ಕೆ ಇಳಿದು ಬಂದು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ನಾನೂ ಕಲಿತರೆ ಇವರಿಗೆ ನಾಚಿಕೆ ಕಡಿಮೆ ಎಂದು. ಒಂದೇ ಹೊಲಿಗೆ ಸಾಕು, ಎಲ್ಲಾ ಸಾಲೂ ಸೀದಾ, ಹಿಂದೆ ಮುಂದೆ ಒಂದೇ ತರ ಕಾಣುತ್ತೆ ಅಂದರು. ಎಡಗಡ್ಡಿಯ ಮೇಲೆ ಇಪ್ಪತ್ತನಾಲ್ಕು ಕುಣಿಕೆ ಹಾಕಿಕೊಟ್ಟರು. ಕುಣಿಕೆಯೊಳಗೆ ಬಲಗಡ್ಡಿ ತೂರಿಸಬೇಕು, ದಾರ ಸುತ್ತಬೇಕು, ಹೊರಗೆಳೆಯಬೇಕು, ಹಳೆಯದನ್ನು ಜಾರಿಸಿಬಿಡಬೇಕು. ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಎಲ್ಲ ದಾಟಿದರೆ ಒಂದು ಸಾಲು. "ತೂರಸ್ರಿ, ಸುತ್ರಿ, ಎಳೀರಿ, ಬಿಡ್ರಿ" ಎಂದು ಶಾಂತಕ್ಕ ಮಗ್ಗಿ ಹೇಳಿಸುವ ಮೇಷ್ಟ್ರ ಹಾಗೆ ಹೇಳುತ್ತಿದ್ದರು.

ಮೊದಲ ಪಾಠ ಒಂದು ಚೌಕ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗಾಗುವಷ್ಟು. ನನ್ನದು ಇಪ್ಪತ್ತನಾಲ್ಕರಿಂದ ಶುರುವಾಗಿ, ನಾನು ಎಲ್ಲೆಲ್ಲಿ ದಾರ ತಪ್ಪಿಸಿ ಸುತ್ತಿದ್ದೆನೋ, ಮುಗಿಯುವ ಹೊತ್ತಿಗೆ ಮೂವತ್ತೊಂದು ಕುಣಿಕೆಯಾಗಿತ್ತು. ಒಂದು ಕಡೆ ಸಣ್ಣ, ಒಂದು ಕಡೆ ಅಗಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ ಅದನ್ನೇ ಒಲೆಯ ಪಕ್ಕ ನೇತುಹಾಕಿಕೊಂಡೆ. ಎರಡನೆಯದು ಚೌಕವೇ ಆಯಿತು. ಹೊಲಿಗೆಯ ಕೈ, ಬೇಗ ಹಿಡಿಯಿತು.

ಇವರ ಕೈಯಲ್ಲಿ ಕಡ್ಡಿಯೇ ನಿಲ್ಲುತ್ತಿರಲಿಲ್ಲ. ಸೈಕಲ್ ಟ್ಯೂಬು ಸುತ್ತುವ ಉಪಾಯ ಇವರದೇ. ಅದಾದ ಮೇಲೆ ಸ್ವಲ್ಪ ನಿಂತಿತು. ಒಂದು ಸಾಲಿಗೆ ಅರ್ಧ ಗಂಟೆ. ಕುತ್ತಿಗೆಯ ನರ ಉಬ್ಬಿ ಬನಿಯನ್ ಬೆವರಿನಲ್ಲಿ ನೆನೆಯುತ್ತಿತ್ತು. ಮೂರು ಸಾಲು ಆಗುತ್ತಲೇ ಎಡಗೈಯಲ್ಲಿ ವರ್ನಿಯರ್ ತೆಗೆದು, ನನ್ನ ಕೈಯಲ್ಲಿ ಬಟ್ಟೆ ಚಪ್ಪಟೆಯಾಗಿ ಹಿಡಿಸಿ, ಅಗಲ ಅಳೆದರು. "ನೂರಿಪ್ಪತ್ತು ಮಿಲಿಮೀಟರ್ ಇರ್ಬೇಕು. ನೂರಮೂವತ್ನಾಲ್ಕು ಇದೆ. ಬಿಚ್ಚು."

ಶಾಂತಕ್ಕ ನಕ್ಕುಬಿಟ್ಟರು. "ಅಣ್ಣಾರ, ಇದನ್ನೇನ್ ಕಬ್ಬಿಣ ಅಂತ ತಿಳ್ಕೊಂಡೀರೇನ್ರಿ? ಉಲ್ಲನ್ ಐತ್ರೀ ಇದು. ಜಗ್ಗಿದ್ರ ಬರ್ತೈತಿ, ಬಿಟ್ರ ಹೋಗ್ತೈತಿ."

"ಎರಡು ಮಿಲಿಮೀಟರ್ ಆಚೆ ಈಚೆ ಬಿಡ್ತೀನಿ. ಅದಕ್ಕಿಂತ ಜಾಸ್ತಿ ಆದ್ರೆ ರಿಜೆಕ್ಟ್" ಎಂದರು ಇವರು. ತಮಾಷೆಯಲ್ಲ, ನಿಜವಾಗಿಯೇ. ಕೈ ಸುಧಾರಿಸುತ್ತಿದೆಯೋ ಇಲ್ಲವೋ ಎಂಬುದಕ್ಕೆ ಇವರಿಗೆ ಡಾಕ್ಟರ ಮಾತಿನಲ್ಲಿ ನಂಬಿಕೆ ಇರಲಿಲ್ಲ, ನನ್ನ ಮಾತಿನಲ್ಲಂತೂ ಇಲ್ಲವೇ ಇಲ್ಲ. ಪಟ್ಟಿ ನೂರಿಪ್ಪತ್ತಕ್ಕೆ ಬಂದ ದಿನ ಕೈ ಲೇತಿಗೆ ಸಿದ್ಧ ಎಂದು ತಮಗೆ ತಾವೇ ಲೆಕ್ಕ ಹಾಕಿಕೊಂಡಿದ್ದರು. ಪ್ರತಿ ಬೆಳಿಗ್ಗೆ ಮೂರೋ ನಾಲ್ಕೋ ಸಾಲು, ಅಳತೆ, ಬಿಚ್ಚುವುದು. ಮರುದಿನ ಮತ್ತೆ ಮೊದಲಿನಿಂದ. ಜೂನ್ ಹೋಯಿತು, ಜುಲೈ ಬಂತು. ಬೀದಿಯಲ್ಲಿ ಪೈಪಿಗೆಂದು ಅಗೆದು ಹೋದವರು ವಾಪಸು ಬರಲಿಲ್ಲ, ಗುಂಡಿಯಲ್ಲಿ ನೀರು ನಿಂತು ಸೊಳ್ಳೆಯಾಯಿತು, ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು. ದಾರವೂ ಬಿಚ್ಚಿ ಬಿಚ್ಚಿ ಬಳಲಿ ಕೂದಲೆದ್ದು ಹೋಗಿತ್ತು. ಚೌಕ ಎರಡು ಬೆರಳಗಲಕ್ಕಿಂತ ಬೆಳೆಯಲೇ ಇಲ್ಲ.

ಆಷಾಢದ ಒಂದು ಬೆಳಿಗ್ಗೆ ನೂರಮೂವತ್ತೊಂದು ಬಂತು. ಇವರು ಬಿಚ್ಚು ಅನ್ನಲಿಲ್ಲ. ಕಡ್ಡಿಗಳನ್ನು ಟೀಪಾಯಿಯ ಮೇಲೆ ಇಟ್ಟು, "ಪುಟ್ಟಸ್ವಾಮಿಗೆ ಫೋನ್ ಮಾಡ್ಬಿಡು. ದಸರಾವರ್ಗೂ ಕಾಯೋದ್ ಬೇಡ, ಯಾರಿಗಾದ್ರೂ ಕೊಡು ಅನ್ನು" ಎಂದರು. ಮಾತ್ರೆ ನುಂಗಿ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆ ದನಿ ಕೇಳಿರಲಿಲ್ಲ ನಾನು. ಹೆದರಿಬಿಟ್ಟೆ. ಲೇತ್ ಹೋದರೆ ಹೋಗಲಿ, ಈ ಮನುಷ್ಯ ಹಾಗೇ ಮಲಗಿಬಿಟ್ಟರೆ ಏನು ಗತಿ?

ಫೋನ್ ಮಾಡಲಿಲ್ಲ. ಟೀಪಾಯಿಯ ಮೇಲಿದ್ದ ಹೆಣಿಗೆ ಎತ್ತಿಕೊಂಡೆ. ಆ ಬೆಳಗಿನ ನಾಲ್ಕು ಸಾಲು ಬಿಚ್ಚಿ, ಅಷ್ಟೇ ನಾಲ್ಕು ಸಾಲು ನಾನು ಹಾಕಿದೆ. ತೀರಾ ನೀಟಾಗಿ ಹಾಕಲಿಲ್ಲ. ಅಲ್ಲಲ್ಲಿ ಒಂದು ಕುಣಿಕೆ ಸಡಿಲ ಬಿಟ್ಟೆ. ಅದೆಲ್ಲ ಹೇಗೆ ಮಾಡಬೇಕೆಂದು ಹದಿನಾಲ್ಕು ವರ್ಷದ ಟೇಬಲ್ಲು ಕಲಿಸಿತ್ತು. ಸಾಯಂಕಾಲ ಇವರು ಎದ್ದು ಕಾಫಿ ಕುಡಿಯುವಾಗ, "ಬೆಳಿಗ್ಗೆ ಸರಿಯಾಗಿ ಚಪ್ಪಟೆ ಹಿಡ್ದಿರ್ಲಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಅಳೀರಿ" ಎಂದೆ.

ಅಳೆದರು. ನೂರಿಪ್ಪತ್ತೊಂದೂವರೆ. ನಂಬದೆ ಮತ್ತೆ ಅಳೆದರು. ಬಾಯಿಯ ಎಡಗಡೆ ಮಾತ್ರ ಮೇಲಕ್ಕೆ ಹೋಯಿತು. ಯುಗಾದಿಯ ಮೇಲೆ ಇವರು ನಕ್ಕದ್ದು ಅವತ್ತೇ.

ಒಂದು ಸಲ ಮಾಡಿದ್ದನ್ನು ನಿಲ್ಲಿಸುವುದು ಹೇಗೆ? ಮರುದಿನ ನೂರಮೂವತ್ತು ಬಂದರೆ ನಿನ್ನೆಯ ನಗು ಏನಾಗಬೇಕು? ಅಳತೆಯನ್ನು ಸಾಯಂಕಾಲಕ್ಕೆ ಬದಲಾಯಿಸಿದೆ. "ದಾರ ಸ್ವಲ್ಪ ಹೊತ್ತು ಕೂತ್ಕೋಬೇಕು, ಶಾಂತಕ್ಕ ಹೇಳಿದ್ರು" ಎಂದು ಹೇಳದ ಮಾತನ್ನು ಅವರ ತಲೆಗೆ ಕಟ್ಟಿದೆ. ದಿನಾ ಮಧ್ಯಾಹ್ನ ಇವರು ಮಲಗಿದ ಮೇಲೆ ಬೆಳಗಿನ ಸಾಲುಗಳನ್ನು ಬಿಚ್ಚಿ ನಾನು ಹಾಕುತ್ತಿದ್ದೆ. ಚೌಕ ಮುಗಿಯಿತು. ಶ್ರಾವಣದಲ್ಲಿ ಮಫ್ಲರ್ ಶುರುವಾಯಿತು. ಅಗಲ ಅದೇ ನೂರಿಪ್ಪತ್ತು, ಉದ್ದ ಎಷ್ಟಾದರೂ ಆಗಲಿ, ಲೇತ್ ಹತ್ತಿರ ನಿಂತಾಗ ಕತ್ತಿಗೆ ಸುತ್ತಿಕೊಳ್ಳುತ್ತೇನೆ ಎಂದರು.

ಶಾಂತಕ್ಕ ಮೋಸಹೋಗಲಿಲ್ಲ. ಒಂದು ದಿನ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದರು. "ನಾ ಇಷ್ಟ್ ವರ್ಷ ಹೆಣದೀನಿ, ಒಬ್ಬೊಬ್ಬರ ಕೈ ಒಂದೊಂದ್ ನಮೂನಿ ಇರ್ತೈತಿ. ಮ್ಯಾಲಿನ ಸಾಲು ಅಣ್ಣಾರ್ದಲ್ಲ, ನಿಂದು. ಬ್ಯಾಡವಾ, ಬಿಟ್ಟುಬಿಡು."

"ನಗ್ತಾ ಇದಾರೆ ಶಾಂತಕ್ಕ. ಊಟ ಸರಿಯಾಗಿ ಮಾಡ್ತಿದಾರೆ" ಎಂದೆ.

"ನಗಲಿ. ನಾಳೆ ಏನ್ ಮಾಡ್ತಿ?" ಎಂದು ಅವರು ಕೈ ಬಿಟ್ಟರು. ನನಗೆ ಸಿಟ್ಟು ಬಂತು. ಅವರ ಗಂಡನ ಎರಡೂ ಕೈ ನೆಟ್ಟಗಿವೆಯಲ್ಲ, ಅದಕ್ಕೇ ನ್ಯಾಯ ಮಾತಾಡುತ್ತಾರೆ ಅಂದುಕೊಂಡೆ.

ಅದಕ್ಕಿಂತ ದೊಡ್ಡದು ಕ್ಲಿನಿಕ್ಕಿನಲ್ಲಿ ಆಯಿತು. ಆ ಹುಡುಗಿ ಎಂದಿನಂತೆ ರಬ್ಬರ್ ಚೆಂಡು ಹಿಸುಕಿಸಿ, "ಗ್ರಿಪ್ ಇನ್ನೂ ಬರ್ಬೇಕು ಅಂಕಲ್, ವಾರಕ್ಕೆ ನಾಲ್ಕು ದಿನ ಮಾಡೋಣ" ಎಂದಳು. ಇವರು ಅಂಗಿಯ ಜೇಬಿನಿಂದ ಚೌಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನೋಡಮ್ಮ. ಎಲ್ಲಿ ಬೇಕಾದ್ರೂ ಅಳಿ, ನೂರಿಪ್ಪತ್ತು. ಚೆಂಡು ಹಿಸುಕಿದ್ರೆ ನಿಂಗೇನ್ ಗೊತ್ತಾಗುತ್ತೆ?" ಹುಡುಗಿ ನನ್ನ ಮುಖ ನೋಡಿದಳು. ನಾನು ಬ್ಯಾಗಿನ ಜಿಪ್ಪು ನೋಡಿದೆ. ಆ ವಾರದಿಂದ ಇವರು ಕ್ಲಿನಿಕ್ಕಿಗೆ ಬರುವುದಿಲ್ಲ ಎಂದರು. ಆರು ತಿಂಗಳಲ್ಲಿ ಇನ್ನೂ ಎರಡು ಉಳಿದಿತ್ತು. ಅವತ್ತು ಬಾಯಿ ಬಿಟ್ಟು ಒಂದು ಮಾತು ಹೇಳಬಹುದಿತ್ತು ನಾನು. ಹೇಳಲಿಲ್ಲ. ಇವರ ನಗು ಹೋಗುತ್ತೆ ಎಂದು ಹೆದರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆಯೂ ಅದರಲ್ಲಿತ್ತು.

ಗಣೇಶನ ಹಬ್ಬದ ಹಿಂದಿನ ಮಧ್ಯಾಹ್ನ ಇನ್ನೊಂದಾಯಿತು. ಕಡುಬಿಗೆ ಕಾಯಿ ತುರಿಯಬೇಕು, ಅವಸರ. ಎಂದಿನಂತೆ ಹೆಣಿಗೆ ಎತ್ತಿಕೊಂಡು ಕಡ್ಡಿ ಹಿರಿದು ದಾರ ಎಳೆದೆ. ಸಾಮಾನ್ಯವಾಗಿ ಇವರ ಸಾಲು ಬಿಚ್ಚುವಾಗ ದಾರ ತಡೆತಡೆದು ಬರುತ್ತಿತ್ತು, ಒಂದು ಕುಣಿಕೆ ಗಂಟಿನಂತೆ ಬಿಗಿ, ಇನ್ನೊಂದು ಜೋಲು. ಅವತ್ತು ಸರಸರ ಬಂತು. ಎರಡು ಸಾಲು ಹೋಗಿ ಮೂರನೆಯದೂ ಅರ್ಧ ಹೋದ ಮೇಲೆ ನನ್ನ ಕೈ ನಿಂತಿತು. ಉಳಿದ ಅರ್ಧ ಸಾಲು ನೋಡಿದೆ. ಚೆನ್ನಾಗಿತ್ತು. ನನ್ನದಲ್ಲ ಅದು, ಆದರೆ ಕುಣಿಕೆಗಳು ಒಂದೇ ಸಮ ಇದ್ದವು. ಬಿಚ್ಚಿದ್ದೂ ಹಾಗೇ ಇತ್ತೇನೋ. ಒಂದು ಬೆಳಿಗ್ಗೆ ತಾನಾಗಿ ಒದಗಿಬಂದ ಅದೃಷ್ಟವೋ, ಕೈ ನಿಜವಾಗಿ ಬರುತ್ತಿತ್ತೋ, ಹಿಂದಿನ ದಿನಗಳಲ್ಲೂ ಹೀಗೇ ಇದ್ದು ನಾನು ನೋಡದೆ ಬಿಚ್ಚಿಬಿಟ್ಟಿದ್ದೆನೋ, ಯಾವ ವರ್ನಿಯರೂ ಈಗ ಹೇಳಲಾರದು. ದಾರ ಸುಕ್ಕುಸುಕ್ಕಾಗಿ ತೊಡೆಯ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಆ ಮೂರು ಸಾಲನ್ನೂ ನಾನೇ ಹಾಕಿ ಕಾಯಿ ತುರಿಯಲು ಹೋದೆ.

ಹಬ್ಬದ ದಿನ ಪುಟ್ಟಸ್ವಾಮಿ ಬಂದಾಗ ಇವರು ಮಫ್ಲರನ್ನು ಅವನ ಕೈಗೆ ಕೊಟ್ಟು, ವರ್ನಿಯರನ್ನೂ ಕೊಟ್ಟರು. ಅವನು ಮೂರು ಕಡೆ ಅಳೆದ. ಅವನೂ ಅದೇ ಜಾತಿಯವನು, ಅಳತೆ ಬಂದ ಮೇಲೆ ಅನುಮಾನವಿಲ್ಲ. "ಅಣ್ಣ, ಸೂಪರ್! ಇನ್ನೊಬ್ಬನ್ನ ಹುಡುಕಿಟ್ಟಿದ್ದೆ, ಅವನಿಗೆ ಬೇಡ ಅಂದ್ಬಿಡ್ತೀನಿ" ಎಂದು ಇವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಾನು ಅಡುಗೆಮನೆಯಲ್ಲಿ ಒಂದೇ ಕಡುಬನ್ನು ಮೂರು ಸಲ ತಟ್ಟೆಗೆ ಹಾಕಿ ತೆಗೆದೆ.

ವಿಜಯದಶಮಿಯ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಸಿಹಿ ಪೊಂಗಲ್ ಡಬ್ಬಿ ಹಿಡಿದು ನಾನೂ ಹೋದೆ. ಶೆಡ್ಡಿನ ಮುಂದೆ ಹಿಂದಿನ ದಿನ ಒಡೆದ ಬೂದುಗುಂಬಳದ ಚೂರುಗಳು ಕುಂಕುಮ ಮೆತ್ತಿಕೊಂಡು ಬಿದ್ದಿದ್ದವು. ಮೊದಲ ಲೇತಿಗೆ ಚೆಂಡುಹೂವಿನ ಹಾರ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಹಿತ್ತಾಳೆ ತುಂಡನ್ನು ಕಚ್ಚಿಸಿ ಬಿಗಿಮಾಡಲು ಪುಟ್ಟಸ್ವಾಮಿ ಮುಂದೆ ಬಂದರೆ ಬೇಡ ಎಂದು ಎಡಗೈಯಲ್ಲೇ ಬಿಗಿಮಾಡಿ, ಸ್ವಿಚ್ಚು ಹಾಕಿದರು. ಲೇತ್ ತಿರುಗಿದ ಸದ್ದಿಗೆ ಇವರ ಮುಖ ಆರು ತಿಂಗಳ ಹಿಂದಿನ ಮುಖವಾಯಿತು. ಆ ಮುಖ ನೋಡಿ ಒಂದು ಕ್ಷಣ ನನಗೂ ಆಸೆ ಹುಟ್ಟಿತು, ದೇವರಾಣೆ.

ಎಡಗೈ ದೊಡ್ಡ ಚಕ್ರದ ಮೇಲೆ, ಬಲಗೈ ಚಿಕ್ಕ ಹಿಡಿಯ ಮೇಲೆ. ಎಡಗೈ ಕೆರೆಯುವ ಟೂಲನ್ನು ಉದ್ದಕ್ಕೂ ಸಾಗಿಸುತ್ತದೆ, ಕೊನೆಗೆ ಬಂದಾಗ ಬಲಗೈ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಹಿತ್ತಾಳೆಯ ಪುಡಿ ಹಳದಿಯಾಗಿ ಚಿಮ್ಮಿತು. ಟೂಲು ಕೊನೆಗೆ ಬಂತು. ಬಲಗೈ ಹಿಡಿಯ ಮೇಲೆಯೇ ಇತ್ತು, ಬೆರಳು ಮಡಚಿಕೊಂಡೇ ಇತ್ತು, ಹಿಡಿ ಮಾತ್ರ ತಿರುಗಲಿಲ್ಲ. ಟೂಲು ಹೋಗಿ, ತುಂಡನ್ನು ಕಚ್ಚಿಕೊಂಡು ತಿರುಗುತ್ತಿದ್ದ ಚಕ್‌ಗೆ ಬಡಿದ ಸದ್ದು ತಗಡಿನ ಶೆಡ್ಡೆಲ್ಲ ತುಂಬಿತು. ಪುಟ್ಟಸ್ವಾಮಿ ಹಾರಿ ಸ್ವಿಚ್ಚು ಆರಿಸಿದ.

ಯಾರಿಗೂ ಏನೂ ಆಗಲಿಲ್ಲ. ಪೂಜೆಗೆ ಬಂದು ಪುರಿ ತಿನ್ನುತ್ತಿದ್ದವರ ಕೈ ನಿಂತಿತ್ತು ಅಷ್ಟೇ. ಇವರು ವರ್ನಿಯರ್ ತೆಗೆದು ಆ ತುಂಡನ್ನು ಅಳೆದರು. "ಎರಡು ಮಿಲಿಮೀಟರ್ ಔಟು" ಎಂದರು. ಉಲ್ಲನ್ನಿನಲ್ಲಿ ಅದು ಏನೂ ಅಲ್ಲ, ಆ ಶೆಡ್ಡಿನಲ್ಲಿ ಅದು ಹೇಳಲೂ ನಾಚಿಕೆಯಾಗುವ ಅಳತೆ. "ಇರ್ಲಿ ಬಿಡಿ ಅಣ್ಣ, ಮೊದಲ್ನೇ ದಿನ" ಎಂದ ಪುಟ್ಟಸ್ವಾಮಿ. ಇವರು ಅವನ ಕಡೆ ನೋಡದೆ, "ಆ ಇನ್ನೊಬ್ಬ ಅಂದಿದ್ಯಲ್ಲ, ಸಿಕ್ತಾನಾ ಕೇಳು" ಎಂದರು. ಹಾರ ಹಾಕಿದ್ದ ಲೇತಿನ ಮೇಲೆ ತಾವೇ ಕವರ್ ಎಳೆದರು.

ಮನೆಗೆ ಬಂದು ವರ್ನಿಯರನ್ನು ಒರೆಸಿ, ಪೂರ್ತಿ ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಚ್ಚಿದಾಗ ಅದು ಸೊನ್ನೆ ತೋರಿಸಬೇಕು. ಸೊನ್ನೆಯೇ ತೋರಿಸುತ್ತಿತ್ತು. "ಇದು ಸರಿಯಾಗೇ ಇದೆಯಲ್ಲ" ಎಂದರು. ನನ್ನ ಮೇಲೆ ಅನುಮಾನ ಬರುವುದಕ್ಕೆ ಮುಂಚೆ ಇಪ್ಪತ್ತಾರು ವರ್ಷದ ವರ್ನಿಯರ್ ಮೇಲೆ ಅನುಮಾನಪಟ್ಟರು ಅವರು.

ಆಮೇಲೆ ಮಫ್ಲರ್ ಎತ್ತಿಕೊಂಡು ನನ್ನ ಎದುರಿಗೇ ಹೆಣೆಯತೊಡಗಿದರು. ತೂರಿಸಿದರು, ಸುತ್ತಿದರು, ಎಳೆದರು. ಹನ್ನೊಂದು ಕುಣಿಕೆ ಬಲಗಡ್ಡಿಗೆ ಬಂದಿತ್ತು, ಹದಿಮೂರು ಎಡಗಡ್ಡಿಯಲ್ಲೇ ಇತ್ತು. ಅಲ್ಲಿಗೆ ನಿಲ್ಲಿಸಿದರು. ಆ ಹನ್ನೊಂದೂ ಒಂದೊಂದು ತರ. ಅದರ ಕೆಳಗೆ ಒಂದು ಮೊಳ ಉದ್ದ ನನ್ನ ಸಾಲುಗಳು ಮಟ್ಟಸವಾಗಿ ಕೂತಿದ್ದವು. ಎರಡನ್ನೂ ಹೆಬ್ಬೆರಳಿನಿಂದ ಸವರಿ ನೋಡಿದರು. ಅಳೆಯಲಿಲ್ಲ.

"ಇದ್ರಲ್ಲಿ ನಂದು ಎಷ್ಟಿದೆ?" ಎಂದು ಕೇಳಿದರು.

ನಾನು ನೆಲಕ್ಕೆ ಉರುಳಿದ್ದ ದಾರದ ಉಂಡೆ ಎತ್ತಿಟ್ಟೆ.

"ಒಂದು ಸಾಲಾದ್ರೂ?"

ನೆಲ ನೋಡುತ್ತಾ ನಿಂತೆ. ಬೈದಿದ್ದರೆ ಚೆನ್ನಾಗಿತ್ತು, ತಟ್ಟೆ ಎತ್ತಿ ಬಿಸಾಡಿದ್ದರೂ ಆಗುತ್ತಿತ್ತು. ವರ್ನಿಯರನ್ನು ಅದರ ಮರದ ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. "ಇದನ್ನ ಶೆಡ್ಡಿಗೆ ಕಳಿಸ್ಬಿಡು. ಈ ಮನೇಲಿದ್ರೆ ಕೆಟ್ಟೋಗುತ್ತೆ" ಎಂದರು.

ಕಾಲಿಗೆ ಬಿದ್ದೆ, ಅತ್ತೆ, ನಿಮ್ಮ ಮುಖ ನೋಡಲಾರದೆ ಮಾಡಿದೆ ಎಂದೆ. "ಗೊತ್ತು ಏಳು" ಎಂದರು ಅಷ್ಟೇ. ಮುಂದಿನ ವಾರ ಒತ್ತಾಯ ಮಾಡಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಆ ಹುಡುಗಿ ಕೈ ಹಿಡಿದು ನೋಡಿ, "ಯಾಕ್ ನಿಲ್ಲಿಸ್ಬಿಟ್ರಿ ಆಂಟಿ?" ಎಂದು ಕೇಳಿದಳು. ಒಂದು ವರ್ಷ ಹೋದೆವು. ಬರಬೇಕಾದ್ದು ಬರಲಿಲ್ಲ. ಬಿಡದೆ ಹೋಗಿದ್ದರೆ ಬರುತ್ತಿತ್ತೇ ಎಂದು ಒಮ್ಮೆ ಅವಳನ್ನು ಕೇಳಿದೆ. "ಹೇಳಕ್ಕಾಗಲ್ಲ ಆಂಟಿ" ಎಂದಳು. ಹೇಳುವುದಕ್ಕೆ ಆಧಾರವಾಗುವಂಥದ್ದನ್ನು ದಿನಾ ಮಧ್ಯಾಹ್ನ ಬಿಚ್ಚಿ ಹಾಕಿದವಳು ನಾನೇ.

ಈಗ ಮೊದಲ ಲೇತಿನಲ್ಲಿ ಆ ಇನ್ನೊಬ್ಬ ನಿಲ್ಲುತ್ತಾನೆ. ಒಳ್ಳೆಯ ಹುಡುಗ, ದಸರೆಗೆ ಪುರಿ ಪೊಟ್ಟಣ ತಂದುಕೊಟ್ಟು ಹೋಗುತ್ತಾನೆ. ಇವರು ಎಡಗೈಯಲ್ಲಿ ಊಟ ಮಾಡುತ್ತಾರೆ, ಪೇಪರ್ ಓದುತ್ತಾರೆ, ನನ್ನೊಂದಿಗೆ ಚೆನ್ನಾಗಿಯೇ ಮಾತಾಡುತ್ತಾರೆ. ಜಗಳವಿಲ್ಲ. ಮೊದಲೆಲ್ಲ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿದ್ದರು, ಇಡ್ಲಿ ಒಂದು ದೊಡ್ಡದು ಒಂದು ಚಿಕ್ಕದು ಎಂದು ರೇಗಿಸುತ್ತಿದ್ದರು, ಗೋಡೆಯ ಕ್ಯಾಲೆಂಡರ್ ವಾರೆಯಾಗಿದ್ದರೆ ಎದ್ದು ಸರಿಮಾಡುತ್ತಿದ್ದರು. ಈಗ ಕ್ಯಾಲೆಂಡರ್ ವಾರೆಯಾಗಿಯೇ ಇದೆ. ಅದರ ಎದುರಿಗೇ ಕೂರುತ್ತಾರೆ.

ಮೊನ್ನೆ ಆ ಪಟ್ಟಿಯನ್ನು ಮತ್ತೆ ಕವರಿಗೆ ತುಂಬಿ ಸಜ್ಜೆಯ ಮೇಲೆ ಹಿಂದಕ್ಕೆ ತಳ್ಳಿ ಇಳಿದೆ. ಕಿಟಕಿಗೆ ಚಳಿಗಾಲದ ದಪ್ಪ ಪರದೆ ಹೊಲಿಯುವುದಿತ್ತು. ಹೊಲಿಗೆ ಪೆಟ್ಟಿಗೆಯ ಟೇಪು ತಂದು, ಏನಾದರೂ ಆಗಲಿ ಎಂದು ಧೈರ್ಯ ಮಾಡಿ, ಅವರ ಮುಂದೆ ಹಿಡಿದೆ. "ರೀ, ಈ ಕಿಟಕಿ ಎಷ್ಟಗಲ ಇದೆ, ಸ್ವಲ್ಪ ಅಳೀತೀರಾ?"

ಪೇಪರಿನಿಂದ ತಲೆಯೆತ್ತಿ ಕಿಟಕಿ ನೋಡಿದರು, ಟೇಪು ನೋಡಿದರು.

"ನೀನು ಎಷ್ಟು ಅಂತೀಯೋ ಅಷ್ಟೇ ಇರ್ಲಿ ಬಿಡು" ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ.

ನಾನೇ ಸ್ಟೂಲು ಹಾಕಿಕೊಂಡು ಹತ್ತಿ ಅಳೆದೆ. ಮೂರು ಸಲ ಅಳೆದೆ. ಮೂರು ಸಲವೂ ಬೇರೆ ಬೇರೆ ಬಂತು.